ರೋಗಶಯ್ಯೆಯಿಂದ ವಸ್ತುಸಂಗ್ರಹಾಲಯಕ್ಕೆ: ಪಾರ್ಶ್ವವಾಯು ಪುನಶ್ಚೇತನದಲ್ಲಿ ಕಲೆಯ ಸ್ಥಾನ – ಒಂದು ಐತಿಹಾಸಿಕ ಅವಲೋಕನ

ಪಾರ್ಶ್ವವಾಯು ಎಂಬ ಹೆಸರು ದೇಹದ ಒಂದು ಪಾರ್ಶ್ವವನ್ನಷ್ಟೇ ಸೂಚಿಸುತ್ತದೆ. ಜನರ ಮಾತಿನಲ್ಲಿರುವ ‘ಲಕ್ವ ಹೊಡೆಯಿತು’ ಎಂಬ ಪ್ರಯೋಗವೂ ಕೈಕಾಲುಗಳ ಸ್ವಾಧೀನ ತಪ್ಪಿದುದನ್ನೇ ಮುಖ್ಯವಾಗಿ ಹೇಳುತ್ತದೆ. ಆದರೆ ಈ ವ್ಯಾಧಿಯ ಮೂಲವಿರುವುದು ಮೆದುಳಿನಲ್ಲಿ. ಮೆದುಳಿನ ಒಂದು ಭಾಗಕ್ಕೆ ರಕ್ತದ ಪೂರೈಕೆ ನಿಂತಾಗ ಅಥವಾ ಅಲ್ಲಿನ ರಕ್ತನಾಳ ಒಡೆದಾಗ ಚಲನೆಯ ಜೊತೆಗೆ ಮಾತು, ನೆನಪು, ಗಮನ, ಭಾವಗಳಿಗೂ ಹಾನಿಯಾಗುತ್ತದೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಮಾತಿನ ಶಕ್ತಿ ಕುಂದುತ್ತದೆ. ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಜನ ಖಿನ್ನತೆಗೆ ಒಳಗಾಗುತ್ತಾರೆ. 25 ವರ್ಷ ದಾಟಿದ ನಾಲ್ವರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ವ್ಯಾಧಿಗೆ ಗುರಿಯಾಗುವ ಸಂಭವವಿದೆಯೆಂದು 2016ರ ಜಾಗತಿಕ ಅಂದಾಜೊಂದು ತಿಳಿಸುತ್ತದೆ. ಆದುದರಿಂದ ಬದುಕುಳಿದವರು ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. ಅದು ಸಂಸ್ಕೃತಿಯ ಪ್ರಶ್ನೆಯೂ ಹೌದು.

ಕಳೆದ ಒಂದು ಶತಮಾನದಲ್ಲಿ ಈ ಪ್ರಶ್ನೆಗೆ ಕಲೆಯ ಮೂಲಕ ಉತ್ತರ ಹುಡುಕುವ ಯತ್ನಗಳು ನಡೆದಿವೆ. ಅವುಗಳ ಹಿಂದೆ ಮೂರು ಬಗೆಯ ನಿಲುವುಗಳನ್ನು ಗುರುತಿಸಬಹುದು. ರೋಗಿಯ ಕಲೆಯನ್ನು ರೋಗದ ಲಕ್ಷಣವೆಂದು ಕಂಡುದು ಮೊದಲನೆಯದು. ಕಲೆಯನ್ನು ಕಾಲಹರಣ ಅಥವಾ ಅಂಗಸಾಧನೆಯ ಉಪಾಯವಾಗಿ ಬಳಸಿದುದು ಎರಡನೆಯದು. ರೋಗಿ ಮತ್ತೆ ‘ವ್ಯಕ್ತಿ’ಯಾಗಲು ಕಲೆ ನೆರವಾಗುತ್ತದೆಂದು ತಿಳಿದುದು ಮೂರನೆಯದು. ಈ ನಿಲುವುಗಳು ಒಂದರ ನಂತರ ಒಂದು ಬಂದು ಹಿಂದಿನದನ್ನು ಅಳಿಸಿಹಾಕಲಿಲ್ಲ. ಮೂರೂ ಇಂದಿಗೂ ಜೊತೆಜೊತೆಯಾಗಿಯೇ ಇವೆ. ಮುಖ್ಯವಾಗಿ ಯುರೋಪಿನ, ಅದರಲ್ಲೂ ಇಂಗ್ಲೆಂಡಿನ ಅನುಭವವನ್ನು ಆಧರಿಸಿ ಇವುಗಳ ಬೆಳವಣಿಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ರೋಗಿಯಾದ ಕಲಾವಿದರು

ಜರ್ಮನಿಯ ವರ್ಣಚಿತ್ರಕಾರ ಲೋವಿಸ್ ಕೊರಿಂತ್ (1858–1925) 1911ರ ಡಿಸೆಂಬರಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ದೇಹದ ಎಡಭಾಗ ದುರ್ಬಲಗೊಂಡಿತು. ಪತ್ನಿ, ಸ್ವತಃ ಚಿತ್ರಕಲಾವಿದೆಯಾದ ಷಾರ್ಲೊಟ್ ಬೆರೆಂಡ್ ಅವರ ಆರೈಕೆಯಲ್ಲಿ ಚೇತರಿಸಿಕೊಂಡು ಅವರು ಮತ್ತೆ ಕುಂಚ ಹಿಡಿದರು. ಮುಂದಿನ ಹದಿಮೂರು ವರ್ಷಗಳಲ್ಲಿ ಅವರ ಶೈಲಿ ಬಹಳವಾಗಿ ಬದಲಾಯಿತು. ರೇಖೆ ಸಡಿಲವಾಯಿತು, ಬಣ್ಣದ ಹೊಡೆತ ಬಿರುಸಾಯಿತು. ಬವೇರಿಯದ ವಾಲ್ಷೆನ್ ಸರೋವರವನ್ನು ಕುರಿತ ಅವರ ಭೂದೃಶ್ಯಗಳು ಈ ಅವಧಿಯವು. ಈ ಬದಲಾವಣೆಯಲ್ಲಿ ರೋಗದ ಪಾಲೆಷ್ಟು, ಕಾಲದ ಅಭಿವ್ಯಕ್ತಿಮಾರ್ಗದ ಪಾಲೆಷ್ಟು ಎಂಬುದು ಕಲಾವಿಮರ್ಶೆಯಲ್ಲಿ ದೀರ್ಘಕಾಲ ಚರ್ಚೆಗೊಳಗಾದ ವಿಷಯ.

ಈ ಚರ್ಚೆಗೆ ರಾಜಕೀಯದ ಕರಾಳ ಮುಖವೂ ಇತ್ತೆಂಬುದು ಗಮನಾರ್ಹ. 1937ರಲ್ಲಿ ಮ್ಯೂನಿಕ್ ನಗರದಲ್ಲಿ ನಾತ್ಸಿ ಆಡಳಿತವು ‘ಅವನತ ಕಲೆ’ ಎಂಬ ಹೆಸರಿನಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಕೊರಿಂತರ ಕೃತಿಗಳೂ ಸೇರಿದ್ದವು. ಪಾರ್ಶ್ವವಾಯುವಿನ ನಂತರದ ಚಿತ್ರಗಳನ್ನು ರೋಗಗ್ರಸ್ತ ಮೆದುಳಿನ ಉತ್ಪನ್ನಗಳೆಂದು ಹೀಗಳೆಯಲಾಯಿತು. ಹೀಗೆ ಅವಮಾನಕ್ಕೊಳಗಾದ ‘ಎಕ್ಕೆ ಹೋಮೊ’ (1925) ಎಂಬ ಚಿತ್ರವನ್ನು 1939ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಕಲಾಸಂಗ್ರಹಾಲಯ ಕೊಂಡುಕೊಂಡಿತು. ಒಂದೇ ಚಿತ್ರವನ್ನು ಒಂದು ಸಂಸ್ಥೆ ರೋಗದ ಗುರುತೆಂದು ಹೊರಗಟ್ಟಿದರೆ ಇನ್ನೊಂದು ಸಂಸ್ಥೆ ಕೃತಿಯೆಂದು ಬರಮಾಡಿಕೊಂಡಿತು. ರೋಗಿಯ ಕೈಯಿಂದ ಬಂದುದನ್ನು ಹೇಗೆ ನೋಡಬೇಕೆಂಬ ಪ್ರಶ್ನೆ ಎಷ್ಟು ಗುರುತರವಾದುದೆಂಬುದಕ್ಕೆ ಇದು ನಿದರ್ಶನ.

ಸೋವಿಯತ್ ಒಕ್ಕೂಟದ ಸಂಗೀತರಚನಕಾರ ವಿಸ್ಸಾರಿಯನ್ ಶೆಬಾಲಿನ್ (1902–1963) ಅವರ ಪ್ರಸಂಗ ಇನ್ನೊಂದು ಬಗೆಯದು. ಮಾಸ್ಕೋ ಸಂಗೀತ ವಿದ್ಯಾಲಯದ ನಿರ್ದೇಶಕರಾಗಿದ್ದ ಅವರಿಗೆ 1953ರಲ್ಲಿ ಒಮ್ಮೆ, 1959ರಲ್ಲಿ ಮತ್ತೊಮ್ಮೆ ಪಾರ್ಶ್ವವಾಯು ತಗುಲಿತು. ಎರಡನೆಯ ಆಘಾತದ ನಂತರ ಮಾತನಾಡುವುದೂ ಇತರರ ಮಾತನ್ನು ಗ್ರಹಿಸುವುದೂ ಬಹುಮಟ್ಟಿಗೆ ಅಸಾಧ್ಯವಾಯಿತು. ಆದರೂ ಅವರು ಸಂಗೀತ ರಚಿಸುವುದನ್ನು ಬಿಡಲಿಲ್ಲ. 1962ರಲ್ಲಿ ಐದನೆಯ ಸಿಂಫನಿಯನ್ನು ಪೂರ್ಣಗೊಳಿಸಿದರು. ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯ ಮತ್ತು ಸಹೋದ್ಯೋಗಿಗಳು 1965ರಲ್ಲಿ ಪ್ರಕಟಿಸಿದ ಪ್ರಬಂಧ ಈ ಪ್ರಸಂಗವನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿತು. ಭಾಷೆ ಮತ್ತು ಸಂಗೀತ ಮೆದುಳಿನಲ್ಲಿ ಸಂಪೂರ್ಣವಾಗಿ ಒಂದೇ ನೆಲೆಯನ್ನು ಅವಲಂಬಿಸಿಲ್ಲ, ಒಂದು ಮುರಿದುಬಿದ್ದಾಗಲೂ ಇನ್ನೊಂದು ಉಳಿಯಬಲ್ಲದು ಎಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಕೊರಿಂತ್ ಮತ್ತು ಶೆಬಾಲಿನ್ ಇಬ್ಬರೂ ಕಾಯಿಲೆಗೆ ಮೊದಲೇ ನುರಿತ ಕಲಾವಿದರು. ಎಂದೂ ಕುಂಚ ಹಿಡಿಯದ, ಸ್ವರ ಬಲ್ಲವರಲ್ಲದ ಸಾಮಾನ್ಯ ರೋಗಿಗೆ ಕಲೆಯಿಂದ ಏನು ದೊರೆಯಬಹುದು ಎಂಬುದಕ್ಕೆ ಅವರ ಬದುಕು ನೇರವಾಗಿ ಉತ್ತರಿಸುವುದಿಲ್ಲ. ಆ ಉತ್ತರವನ್ನು ಆಸ್ಪತ್ರೆಗಳ ಇತಿಹಾಸದಲ್ಲಿ ಹುಡುಕಬೇಕಾಗುತ್ತದೆ.

ಕರಕುಶಲದಿಂದ ಚಿಕಿತ್ಸೆಗೆ

1917ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವರು ಸಭೆ ಸೇರಿ ಔದ್ಯೋಗಿಕ ಚಿಕಿತ್ಸೆಯ ಪ್ರಸಾರಕ್ಕಾಗಿ ಸಂಘವೊಂದನ್ನು ಸ್ಥಾಪಿಸಿದರು. ಸಭೆಗೆ ಕಾರಣರಾದ ಜಾರ್ಜ್ ಎಡ್ವರ್ಡ್ ಬಾರ್ಟನ್ ವೃತ್ತಿಯಿಂದ ವಾಸ್ತುಶಿಲ್ಪಿ. ಕ್ಷಯದಿಂದ ಬಳಲಿದ್ದ ಅವರ ದೇಹದ ಎಡಭಾಗವೂ ಸ್ವಾಧೀನ ತಪ್ಪಿತ್ತು. ಮರಗೆಲಸ, ತೋಟಗಾರಿಕೆಗಳ ಮೂಲಕ ತಾವೇ ಚೇತರಿಸಿಕೊಂಡ ಅನುಭವದ ಮೇಲೆ ಅವರು ತಮ್ಮ ವಿಚಾರವನ್ನು ಕಟ್ಟಿದ್ದರು. ಯಂತ್ರೋದ್ಯಮದ ವಿರುದ್ಧ ಕೈಗೆಲಸದ ಘನತೆಯನ್ನು ಎತ್ತಿಹಿಡಿದ ಕಲೆ ಮತ್ತು ಕರಕುಶಲ ಚಳವಳಿಯ ಪ್ರಭಾವ ಇದರ ಹಿಂದೆ ಇತ್ತು. 1930ರಲ್ಲಿ ಎಲಿಜಬೆತ್ ಕ್ಯಾಸನ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಡಾರ್ಸೆಟ್ ಹೌಸ್ ಎಂಬ ತರಬೇತಿ ಶಾಲೆಯನ್ನು ಆರಂಭಿಸಿದರು. ಭಾರತದಲ್ಲಿ ಈ ಶಿಕ್ಷಣ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರಿಂದ ಮೊದಲಾಯಿತು.

ನೇಯ್ಗೆ, ಬುಟ್ಟಿ ಹೆಣೆಯುವುದು, ಮರಗೆಲಸ ಮುಂತಾದವು ಈ ಪದ್ಧತಿಯಲ್ಲಿ ಪ್ರಧಾನವಾಗಿದ್ದವು. ಮಗ್ಗದ ಲಾಳಿಯನ್ನು ತಳ್ಳುವ ಕೈ ತನಗರಿವಿಲ್ಲದೆಯೇ ಭುಜದ ಚಲನೆಯನ್ನು ಅಭ್ಯಾಸ ಮಾಡುತ್ತದೆ ಎಂಬುದು ಇದರ ತರ್ಕ. ಆದರೆ ಕಾಲಕ್ರಮೇಣ ಪುನಶ್ಚೇತನವು ಸ್ನಾಯು ಮತ್ತು ಕೀಲುಗಳ ಅಳತೆಯನ್ನು ಹೆಚ್ಚು ಹೆಚ್ಚಾಗಿ ಅವಲಂಬಿಸತೊಡಗಿದಾಗ ಕರಕುಶಲದ ಸ್ಥಾನ ಕುಗ್ಗಿತು. ಕೈಯ ಚಲನೆಯೇ ಗುರಿಯಾದರೆ ಬುಟ್ಟಿಯೇ ಏಕೆ ಬೇಕು ಎಂಬ ಪ್ರಶ್ನೆಗೆ ಆಗ ಸಮರ್ಪಕ ಉತ್ತರ ಸಿದ್ಧವಿರಲಿಲ್ಲ.

ಇನ್ನೊಂದು ಧಾರೆ ಕ್ಷಯರೋಗಿಗಳ ಸ್ಯಾನಿಟೋರಿಯಂನಿಂದ ಹೊರಟಿತು. ಮೊದಲ ಮಹಾಯುದ್ಧದ ಚಿತ್ರಕಾರರಲ್ಲೊಬ್ಬರಾದ ಏಡ್ರಿಯನ್ ಹಿಲ್ (1895–1977) 1938ರಲ್ಲಿ ಕ್ಷಯಕ್ಕೆ ತುತ್ತಾಗಿ ಮಿಡ್‌ಹರ್ಸ್ಟ್‌ನ ಏಳನೆಯ ಎಡ್ವರ್ಡ್ ದೊರೆಯ ಸ್ಯಾನಿಟೋರಿಯಂ ಸೇರಿದರು. ಹಾಸಿಗೆಯಲ್ಲಿದ್ದಾಗಲೇ ಕಣ್ಣೆದುರಿಗಿದ್ದ ವಸ್ತುಗಳನ್ನು ಚಿತ್ರಿಸುತ್ತ ಮನಸ್ಸಿನ ಭಾರವನ್ನು ಕಳೆದುಕೊಂಡರು. ಅನಂತರ ಸಹರೋಗಿಗಳಿಗೂ ಕಲಿಸಿದರು. ‘ಕಲಾಚಿಕಿತ್ಸೆ’ ಎಂಬ ಮಾತನ್ನು 1942ರಲ್ಲಿ ಬಳಕೆಗೆ ತಂದವರು ಇವರೇ. ಇವರ ಅನುಭವಗಳು 1945ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. 1946ರಿಂದ ಎಡ್ವರ್ಡ್ ಆಡಮ್‌ಸನ್ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಚಿತ್ರಶಾಲೆ ನಡೆಸಿದರು. 1964ರಲ್ಲಿ ಬ್ರಿಟನ್ನಿನ ಕಲಾಚಿಕಿತ್ಸಕರ ಸಂಘ ಸ್ಥಾಪನೆಗೊಂಡು ಹಿಲ್ ಅದರ ಅಧ್ಯಕ್ಷರಾದರು.

ಹಿಲ್ ಅವರ ಆಸಕ್ತಿ ಚಿತ್ರ ಬರೆಯಿಸುವುದಕ್ಕಷ್ಟೇ ಸೀಮಿತವಾಗಿರಲಿಲ್ಲ. ಉತ್ತಮ ಚಿತ್ರಗಳ ಪ್ರತಿಗಳನ್ನು ರೆಡ್‌ಕ್ರಾಸ್ ಸಂಸ್ಥೆಯ ಮೂಲಕ ಆಸ್ಪತ್ರೆಗಳಿಗೆ ಎರವಲು ನೀಡುವ ಯೋಜನೆಯಲ್ಲಿಯೂ ಅವರು ಪಾಲ್ಗೊಂಡರು. 1959ರಲ್ಲಿ ಶೆರಿಡನ್ ರಸೆಲ್ ಆಸ್ಪತ್ರೆಗಳಿಗೆ ಮೂಲ ಚಿತ್ರಗಳನ್ನೇ ಒದಗಿಸುವ ‘ಪೇಂಟಿಂಗ್ಸ್ ಇನ್ ಹಾಸ್ಪಿಟಲ್ಸ್’ ಯೋಜನೆಗೆ ಚಾಲನೆ ನೀಡಿದರು. ರಸೆಲ್ ವೈದ್ಯರಲ್ಲ; ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿದ್ದ ರಾಷ್ಟ್ರೀಯ ನರರೋಗ ಆಸ್ಪತ್ರೆಯಲ್ಲಿ ರೋಗಿಗಳ ಸಾಮಾಜಿಕ ಅಗತ್ಯಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದವರು. ಆಸ್ಪತ್ರೆಯ ಗೋಡೆಯೂ ರೋಗಿಯ ಅನುಭವದ ಭಾಗವೆಂಬ ಅರಿವು ನರರೋಗಿಗಳ ನಡುವೆ ಕೆಲಸ ಮಾಡಿದವರಿಂದ ಬಂದುದು ಆಕಸ್ಮಿಕವೆನಿಸದು.

ಹಾಡು, ಮಾತು ಮತ್ತು ಮೆದುಳು

ಮಾತು ನಿಂತವನು ಹಾಡಬಲ್ಲನೆಂಬ ಗಮನಿಕೆ ಹಳೆಯದು. ಬಲಭಾಗದ ಸ್ವಾಧೀನ ಕಳೆದುಕೊಂಡು ಮಾತು ಹೋಗಿದ್ದ ವ್ಯಕ್ತಿಯೊಬ್ಬ ತಾನು ಮೊದಲೇ ಬಲ್ಲ ಪ್ರಾರ್ಥನಾಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದುದನ್ನು ಸ್ವೀಡನ್ನಿನ ಓಲೊಫ್ ಡಾಲಿನ್ ಹದಿನೆಂಟನೆಯ ಶತಮಾನದಲ್ಲಿಯೇ ದಾಖಲಿಸಿದ್ದರು. ಈ ಗಮನಿಕೆಯನ್ನು ಕ್ರಮಬದ್ಧ ಚಿಕಿತ್ಸೆಯಾಗಿ ರೂಪಿಸಿದವರು ಅಮೆರಿಕದ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್. 1973ರಲ್ಲಿ ಅವರು ಪ್ರಕಟಪಡಿಸಿದ ಪದ್ಧತಿಯಲ್ಲಿ ರೋಗಿಯು ಎಡಗೈಯಿಂದ ತಾಳ ಹಾಕುತ್ತ ನಿತ್ಯೋಪಯೋಗಿ ವಾಕ್ಯಗಳನ್ನು ಸರಳ ರಾಗದಲ್ಲಿ ಉಚ್ಚರಿಸುತ್ತಾನೆ. ಕ್ರಮೇಣ ರಾಗವನ್ನು ಕಳಚಿ ಮಾತಿಗೆ ಮರಳುತ್ತಾನೆ. ಮೆದುಳಿನ ಬಲಾರ್ಧವು ಎಡಾರ್ಧದ ನಷ್ಟವನ್ನು ತುಂಬುತ್ತದೆಂದು ಆಗ ಊಹಿಸಲಾಗಿತ್ತು. 2011ರಲ್ಲಿ ಜರ್ಮನಿಯಲ್ಲಿ 17 ರೋಗಿಗಳ ಮೇಲೆ ನಡೆದ ಅಧ್ಯಯನವು ಈ ಊಹೆಯನ್ನು ಪ್ರಶ್ನಿಸಿತು. ನಿರ್ಣಾಯಕವಾದುದು ರಾಗವಲ್ಲ, ಲಯ ಮತ್ತು ಬಾಯಿಪಾಠವಾದ ಪದಸರಣಿಗಳು ಎಂಬುದು ಅದರ ನಿರ್ಣಯ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಟೆಪ್ಪೊ ಸ್ಯಾರ್ಕ್ಯಾಮೊ ಮತ್ತು ಸಂಗಡಿಗರು ಕೈಗೊಂಡು 2008ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳುವಿಕೆಯನ್ನು ಕುರಿತದ್ದು. ಹೊಸದಾಗಿ ಪಾರ್ಶ್ವವಾಯು ತಗುಲಿದ 60 ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪು ಎರಡು ತಿಂಗಳ ಕಾಲ ದಿನಕ್ಕೆ ಕನಿಷ್ಠ ಒಂದು ಗಂಟೆ ತಮಗೆ ಪ್ರಿಯವಾದ ಸಂಗೀತವನ್ನೂ, ಇನ್ನೊಂದು ಗುಂಪು ಧ್ವನಿಮುದ್ರಿತ ಪುಸ್ತಕಗಳನ್ನೂ ಆಲಿಸಿತು. ಮೂರನೆಯದಕ್ಕೆ ವಿಶೇಷ ಆಲಿಸುವಿಕೆ ಇರಲಿಲ್ಲ. ಎಲ್ಲರಿಗೂ ಸಾಮಾನ್ಯ ಚಿಕಿತ್ಸೆ ದೊರೆಯುತ್ತಿತ್ತು. ಸಂಗೀತ ಕೇಳಿದವರಲ್ಲಿ ಶಾಬ್ದಿಕ ಸ್ಮರಣೆ ಮತ್ತು ಏಕಾಗ್ರತೆ ಉಳಿದವರಿಗಿಂತ ಹೆಚ್ಚಾಗಿ ಸುಧಾರಿಸಿತು, ಖಿನ್ನತೆ ಕಡಮೆಯಿತ್ತು. ಕೇಳುವ ಸಂಗೀತವನ್ನು ರೋಗಿಗಳೇ ಆರಿಸಿಕೊಂಡಿದ್ದರೆಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಮಂಚದ ಬಳಿಗೆ ಬಂದ ವಸ್ತುಸಂಗ್ರಹಾಲಯ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆ ಮತ್ತು ‘ಮುಟ್ಟಬಾರದು’ ಎಂಬ ಫಲಕ ಎಂಬ ಕಲ್ಪನೆ ಇಪ್ಪತ್ತನೆಯ ಶತಮಾನದ ಬಹುಭಾಗ ಪ್ರಬಲವಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಸ್ತುಸಂಗ್ರಹಾಲಯಗಳು 2008ರಿಂದ 2011ರವರೆಗೆ ನಡೆಸಿದ ‘ಹೆರಿಟೇಜ್ ಇನ್ ಹಾಸ್ಪಿಟಲ್ಸ್’ ಯೋಜನೆ ಈ ಕಲ್ಪನೆಯನ್ನು ತಿರುವುಮುರುವು ಮಾಡಿತು. ಜೀವವಿಜ್ಞಾನಿ ಹೆಲನ್ ಚಟರ್ಜಿ ಇದರ ಪ್ರಮುಖ ಸಂಶೋಧಕರಲ್ಲೊಬ್ಬರು. ಪ್ರಾಣಿಶಾಸ್ತ್ರ, ಈಜಿಪ್ಟಿನ ಪುರಾತತ್ತ್ವ, ಕಲೆ ಮುಂತಾದ ಸಂಗ್ರಹಗಳಿಂದ ಆಯ್ದ ಕೆಲವು ವಸ್ತುಗಳನ್ನು ರೋಗಿಯ ಮಂಚದ ಬಳಿಗೆ ಒಯ್ದು, ಸುಮಾರು 30ರಿಂದ 40 ನಿಮಿಷ ಅವನ್ನು ಕೈಯಲ್ಲಿ ಹಿಡಿದು ನೋಡಲು, ಅವುಗಳ ಕುರಿತು ಮಾತನಾಡಲು ಅವಕಾಶ ಕಲ್ಪಿಸಲಾಗುತ್ತಿತ್ತು. ಭೇಟಿಯ ಮೊದಲು ಮತ್ತು ನಂತರ ರೋಗಿಯ ಮನಃಸ್ಥಿತಿಯನ್ನು ಪ್ರಶ್ನಾವಳಿಗಳಿಂದ ಅಳೆಯಲಾಯಿತು. ಭೇಟಿಯ ನಂತರ ನೆಮ್ಮದಿಯ ಅಂಕಗಳು ಏರಿದವು. ವಸ್ತುಗಳ ಛಾಯಾಚಿತ್ರಗಳನ್ನಷ್ಟೇ ನೋಡಿದವರಿಗಿಂತ ಮುಟ್ಟಿ ನೋಡಿದವರಲ್ಲಿ ಈ ಏರಿಕೆ ಹೆಚ್ಚಾಗಿತ್ತು. ನರಪುನಶ್ಚೇತನ ವಿಭಾಗದ ರೋಗಿಗಳನ್ನು ಒಳಗೊಂಡ ಗುಣಾತ್ಮಕ ಅಧ್ಯಯನವೊಂದು 2013ರಲ್ಲಿ ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಭೇಟಿಯ ಸ್ವರೂಪವನ್ನು ಚಿಕಿತ್ಸೆಯ ಉಳಿದ ಗಳಿಗೆಗಳೊಡನೆ ಹೋಲಿಸಿದಾಗ ಅದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಪುನಶ್ಚೇತನದಲ್ಲಿರುವ ವ್ಯಕ್ತಿಗೆ ದಿನವೆಲ್ಲ ಎದುರಾಗುವುದು ಸರಿ ಉತ್ತರವಿರುವ ಪ್ರಶ್ನೆಗಳೇ: ಕೈ ಎಷ್ಟು ಮೇಲೆದ್ದಿತು, ಈ ವಸ್ತುವಿನ ಹೆಸರೇನು, ಇಂದು ಯಾವ ವಾರ. ಪ್ರತಿ ಪ್ರಶ್ನೆಯೂ ಕಳೆದುಹೋದುದನ್ನು ನೆನಪಿಸುತ್ತದೆ. ಕೈಯಲ್ಲಿರುವ ಪಳೆಯುಳಿಕೆಯ ಮುಂದೆ ಪರಿಸ್ಥಿತಿ ಬೇರೆ. ಅದು ಏನೆಂದು ರೋಗಿಗೆ ತಿಳಿಯದಿದ್ದರೆ ಅದು ರೋಗದ ಲಕ್ಷಣವಲ್ಲ. ಆರೋಗ್ಯವಂತನಾದ ಸಂದರ್ಶಕನಿಗೂ ಅದು ತಿಳಿದಿರುವುದಿಲ್ಲ. ತೂಕ, ತಣುಪು, ಒರಟುತನಗಳನ್ನು ಅರಿಯಲು ಮಾತು ಬೇಕಾಗಿಲ್ಲ. ಕುತೂಹಲದ ಮಟ್ಟದಲ್ಲಿ ಇಬ್ಬರೂ ಸಮಾನರು. ಬುಟ್ಟಿಯೇ ಏಕೆ ಬೇಕು ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರದ ಸುಳಿವಿದೆ. ಚಲನೆ ಬುಟ್ಟಿಯಿಲ್ಲದೆಯೂ ಸಾಧ್ಯ. ಆದರೆ ಬುಟ್ಟಿ ಇನ್ನೊಬ್ಬರಿಗೆ ಕೊಡಬಹುದಾದ, ಇನ್ನೊಬ್ಬರೊಡನೆ ಮಾತಿಗೆ ಕಾರಣವಾಗಬಹುದಾದ ವಸ್ತು.

ಅನಂತರದ ವರ್ಷಗಳಲ್ಲಿ ಈ ವಿಚಾರ ಸಂಸ್ಥಾರೂಪ ತಾಳಿತು. 2014ರಿಂದ 2017ರವರೆಗೆ ನಡೆದ ‘ಮ್ಯೂಸಿಯಮ್ಸ್ ಆನ್ ಪ್ರಿಸ್ಕ್ರಿಪ್ಷನ್’ ಯೋಜನೆಯಲ್ಲಿ ಒಂಟಿತನಕ್ಕೆ ಗುರಿಯಾದ ವೃದ್ಧರನ್ನು ಹತ್ತು ವಾರಗಳ ಕಾಲ ವಸ್ತುಸಂಗ್ರಹಾಲಯಗಳ ಚಟುವಟಿಕೆಗಳಿಗೆ ಕಳುಹಿಸಲಾಯಿತು. 2017ರಲ್ಲಿ ಬ್ರಿಟನ್ನಿನ ಸರ್ವಪಕ್ಷ ಸಂಸದರ ಗುಂಪು ಕಲೆ ಮತ್ತು ಆರೋಗ್ಯವನ್ನು ಕುರಿತ ವಿಸ್ತೃತ ವರದಿಯನ್ನು ಹೊರತಂದಿತು. 2018ರ ನವೆಂಬರಿನಲ್ಲಿ ಕೆನಡದ ಮಾಂಟ್ರಿಯಲ್ ಲಲಿತಕಲಾ ಸಂಗ್ರಹಾಲಯಕ್ಕೆ ಉಚಿತ ಭೇಟಿಯನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಪ್ರಯೋಗ ಆರಂಭವಾಯಿತು. ಪಾರ್ಶ್ವವಾಯುವಿಗೇ ಮೀಸಲಾದ ಯತ್ನಗಳೂ ನಡೆದವು. ‘ಹಾರ್ಟ್ ಆಫ್ ಸ್ಟ್ರೋಕ್’ ಎಂಬ ಯೋಜನೆಯಲ್ಲಿ ಕಲಾವಿದರ ಮಾರ್ಗದರ್ಶನದ ಎರಡು ಗಂಟೆಗಳ ಹತ್ತು ಗೋಷ್ಠಿಗಳನ್ನು 14 ವಾರಗಳಲ್ಲಿ ಹರಡಲಾಗಿತ್ತು. ಆತ್ಮವಿಶ್ವಾಸ ಮತ್ತು ‘ತಾನು ಯಾರು’ ಎಂಬ ಅರಿವಿನ ಮರುಸ್ಥಾಪನೆ ಅದರ ಗುರಿಯಾಗಿತ್ತು. ಇಂಥ ಯೋಜನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಸಾಧ್ಯವೇ ಎಂಬುದನ್ನು ತಿಳಿಯಲು ನಡೆದ ಪ್ರಾಥಮಿಕ ಪರೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನ ಕಿಂಗ್ಸ್ ಕಾಲೇಜು ಆರಂಭಿಸಿದ ಬೃಹತ್ ಸಂಶೋಧನಾ ಯೋಜನೆಯಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಸಂಗೀತ–ನೃತ್ಯ–ಕಥನ ಕಾರ್ಯಕ್ರಮವಾದ ‘ಸ್ಟ್ರೋಕ್ ಒಡಿಸೀಸ್’ ಕೂಡ ಸೇರಿತು.

ಸಾಕ್ಷ್ಯದ ಬಲ ಮತ್ತು ಮಿತಿ

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿ ಪ್ರಕಟಿಸಿದ ಸಮೀಕ್ಷೆಯು 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಳಗೊಂಡಿತ್ತು. ರೋಗ ತಡೆಯುವುದರಲ್ಲಿಯೂ ಚಿಕಿತ್ಸೆಯಲ್ಲಿಯೂ ಕಲೆಗೆ ಪಾತ್ರವಿದೆಯೆಂದು ಅದು ಅಭಿಪ್ರಾಯಪಟ್ಟಿತು. ಮೆದುಳಿನ ಹಾನಿಗೆ ಸಂಗೀತವನ್ನು ಬಳಸಿದ 29 ಪರೀಕ್ಷೆಗಳನ್ನು, 775 ಜನರ ಫಲಿತಾಂಶಗಳನ್ನು 2017ರ ಕಾಕ್ರೇನ್ ಸಮೀಕ್ಷೆ ಪರಿಶೀಲಿಸಿತು. ಲಯಬದ್ಧ ಸಂಗೀತ ನಡಿಗೆಯನ್ನು ಸುಧಾರಿಸಬಹುದೆಂದು ಹೇಳಿದ ಆ ಸಮೀಕ್ಷೆಯೇ ಇನ್ನೂ ಉತ್ತಮ ಗುಣಮಟ್ಟದ ಪರೀಕ್ಷೆಗಳು ಅಗತ್ಯವೆಂದೂ ಎಚ್ಚರಿಸಿತು.

ವಸ್ತುಸಂಗ್ರಹಾಲಯದ ಚಟುವಟಿಕೆಗಳ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಭೇಟಿಯ ಹಿಂದುಮುಂದಿನ ಅಳತೆ ಆ ಗಳಿಗೆಯ ಉಲ್ಲಾಸವನ್ನು ತಿಳಿಸುತ್ತದೆ; ಆರು ತಿಂಗಳ ನಂತರದ ಬದುಕನ್ನು ತಿಳಿಸುವುದಿಲ್ಲ. ಪ್ರಶ್ನಾವಳಿಗಳು ಓದು ಮತ್ತು ಮಾತನ್ನು ಅವಲಂಬಿಸಿರುವುದರಿಂದ ತೀವ್ರವಾಗಿ ಮಾತು ಕಳೆದುಕೊಂಡವರು ಅಧ್ಯಯನಗಳಿಂದಲೇ ಹೊರಗುಳಿಯುವ ಅಪಾಯವಿದೆ. ಯಾರಿಗೆ ಮಾತಿಲ್ಲದ ಮಾಧ್ಯಮ ಹೆಚ್ಚು ಅಗತ್ಯವೋ ಅವರ ಅನುಭವವೇ ಹೀಗೆ ದಾಖಲಾಗದೆ ಹೋಗಬಹುದು. ಕಲೆ ಫಿಸಿಯೋಥೆರಪಿಯ ಅಥವಾ ಔಷಧದ ಸ್ಥಾನವನ್ನು ತುಂಬುತ್ತದೆಂದು ಯಾವ ಗಂಭೀರ ಅಧ್ಯಯನವೂ ಹೇಳಿಲ್ಲ. ಹಾಗೆ ಹೇಳುವುದು ರೋಗಿಗೂ ಕಲೆಗೂ ಮಾಡುವ ಅನ್ಯಾಯ.

ಕರ್ನಾಟಕದ ಸಂದರ್ಭ

ಭಾರತದಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಆರೈಕೆ ಬಹುಪಾಲು ಮನೆಮಂದಿಯ ಹೆಗಲಿಗೇ ಬೀಳುತ್ತದೆ. ಕುಟುಂಬದವರಿಗೇ ತರಬೇತಿ ನೀಡಿ ಪುನಶ್ಚೇತನ ಸಾಧಿಸಬಹುದೇ ಎಂಬುದನ್ನು ದೇಶದ 14 ಆಸ್ಪತ್ರೆಗಳಲ್ಲಿ, 1,250 ರೋಗಿಗಳ ನೆರವಿನಿಂದ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಆರು ತಿಂಗಳ ನಂತರ ಮೃತರಾದವರ ಅಥವಾ ಪರಾವಲಂಬಿಗಳಾದವರ ಪ್ರಮಾಣ ತರಬೇತಿ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ಶೇ. 47ರಷ್ಟೇ ಇತ್ತು. ಸದಾಶಯದ, ಸುಲಭವೂ ಅಗ್ಗವೂ ಆದ ಉಪಾಯವೊಂದು ಫಲ ಕೊಡದಿರಬಹುದು ಎಂಬ ಪಾಠವನ್ನು ಕಲಾಚಟುವಟಿಕೆಗಳ ಪ್ರತಿಪಾದಕರೂ ಮರೆಯುವಂತಿಲ್ಲ.

ಹಾಗೆಂದು ಕರ್ನಾಟಕದಲ್ಲಿ ನೆಲೆಗಳ ಕೊರತೆಯಿಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ಪುನಶ್ಚೇತನದಲ್ಲಿ ದೀರ್ಘ ಅನುಭವ ಹೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ನರರೋಗ ಮತ್ತು ಮನೋರೋಗಗಳನ್ನು ಒಂದೇ ಆವರಣದಲ್ಲಿ ನೋಡಿಕೊಳ್ಳುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಮತ್ತು ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಗಳಲ್ಲಿ ಗೃಹೋಪಯೋಗಿ ಮತ್ತು ಕೃಷಿ ಸಲಕರಣೆಗಳ ಸಮೃದ್ಧ ಸಂಗ್ರಹಗಳಿವೆ. ಒನಕೆ, ಮೊರ, ಸೇರು, ಬೀಸುವ ಕಲ್ಲು, ಅಳಗುಳಿ ಮಣೆಗಳು ಹಳ್ಳಿಯಲ್ಲಿ ಬೆಳೆದ ವಯಸ್ಸಾದ ರೋಗಿಗೆ ಅಪರಿಚಿತವಲ್ಲ. ಕೈಗೆ ಅವುಗಳ ಬಳಕೆಯ ನೆನಪಿರುತ್ತದೆ. ಇಲ್ಲಿ ರೋಗಿ ವಸ್ತುವಿನ ಬಗ್ಗೆ ಕೇಳಿ ತಿಳಿಯುವವನಲ್ಲ, ತಿಳಿಸುವವನು. ಲಂಡನ್ನಿನ ಪ್ರಯೋಗಕ್ಕಿಂತ ಇದು ಭಿನ್ನವಾದ, ಪ್ರತ್ಯೇಕವಾಗಿ ಪರೀಕ್ಷಿಸಬೇಕಾದ ಸಾಧ್ಯತೆ. ಹಾಗೆಯೇ ಇಂಗ್ಲಿಷಿನ ಸ್ವರಭಾರವನ್ನು ಆಧರಿಸಿದ ಬಾಸ್ಟನ್ ಪದ್ಧತಿಯನ್ನು ಯಥಾವತ್ತಾಗಿ ತರುವ ಬದಲು ಬೀಸುವ ಪದ, ಸೋಬಾನೆ, ಭಜನೆಗಳಂಥ ಬಾಯಿಪಾಠದ ಲಯಗಳಿಂದ ಹೊರಡುವುದು ಕನ್ನಡದ ರೋಗಿಗೆ ಹೆಚ್ಚು ಸಹಜವಾಗಬಹುದು. 2011ರ ಜರ್ಮನ್ ಅಧ್ಯಯನವೂ ಈ ದಿಕ್ಕನ್ನೇ ಸೂಚಿಸುತ್ತದೆ.

ಇದು ಕೇವಲ ದಯೆಯ ವಿಷಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮೆದುಳಿನ ಹಾನಿಯಿಂದ ಮಾತು ಕಳೆದುಕೊಂಡ ಸ್ಥಿತಿಯನ್ನು ವೈಕಲ್ಯವೆಂದು ಹೆಸರಿಸಿ ಗುರುತಿಸಿದೆ. ಅದರ 29ನೆಯ ಪ್ರಕರಣವು ಸಾಂಸ್ಕೃತಿಕ ಜೀವನದಲ್ಲಿ ಪಾಲ್ಗೊಳ್ಳುವ ಹಕ್ಕನ್ನು, ಕಲೆಯನ್ನು ಎಲ್ಲರಿಗೂ ಎಟುಕುವಂತೆ ಮಾಡುವ ಹೊಣೆಯನ್ನು ಉಲ್ಲೇಖಿಸುತ್ತದೆ. ಚಿಕಿತ್ಸಾಫಲ ಸಿದ್ಧವಾದರೆ ಮಾತ್ರ ಸಂಗ್ರಹಾಲಯದ ಬಾಗಿಲು ತೆರೆಯಬೇಕೆಂಬ ಷರತ್ತು ಅಲ್ಲಿಲ್ಲ.

ಉಪಸಂಹಾರ

ಕೊರಿಂತರ ಚಿತ್ರದಲ್ಲಿ ರೋಗವನ್ನಷ್ಟೇ ಕಂಡವರು ಮನುಷ್ಯನನ್ನು ಕಾಣಲಿಲ್ಲ. ಬುಟ್ಟಿ ಹೆಣೆಯುವ ಕೈಯಲ್ಲಿ ಸ್ನಾಯುವನ್ನಷ್ಟೇ ಕಂಡವರು ಬುಟ್ಟಿಯನ್ನು ಕೈಬಿಟ್ಟರು. ಇಂದು ಕಲೆಯಲ್ಲಿ ಆರೋಗ್ಯದ ಅಂಕಗಳನ್ನಷ್ಟೇ ಕಾಣುವವರೂ ಇದೇ ತಪ್ಪನ್ನು ಹೊಸ ರೀತಿಯಲ್ಲಿ ಮಾಡುವ ಸಂಭವವಿದೆ. ಅಂಕ ಏರದಿದ್ದಾಗ ಅವರು ಕಲೆಯನ್ನೇ ಕೈಬಿಡಬಹುದು. ಈ ಇತಿಹಾಸದಿಂದ ಎರಡು ಪ್ರತ್ಯೇಕ ಹೊಣೆಗಳು ಸ್ಪಷ್ಟವಾಗುತ್ತವೆ. ಚಿಕಿತ್ಸೆಯೆಂದು ಹೇಳಿಕೊಳ್ಳುವುದನ್ನು ಚಿಕಿತ್ಸೆಯಂತೆಯೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಆ ಪರೀಕ್ಷೆಯ ಫಲಿತಾಂಶ ಏನೇ ಇರಲಿ, ಗಾಲಿಕುರ್ಚಿಯಲ್ಲಿ ಬಂದವರಿಗೂ ಮಾತು ಹೋದವರಿಗೂ ನಾಡಿನ ವಸ್ತುಸಂಗ್ರಹಾಲಯಗಳು ತೆರೆದಿರಬೇಕು. ಮೊದಲನೆಯದು ವೈದ್ಯಶಾಸ್ತ್ರದ ಹೊಣೆ. ಎರಡನೆಯದು ಸಂಗ್ರಹಾಲಯಗಳದು, ಅವುಗಳನ್ನು ನಡೆಸುವ ಸಮಾಜದ್ದು.